ಬಳ್ಳಾರಿಯಲ್ಲಿ ಕುದುರೆ ಸವಾರಿ ಕೋಚ್ ತರಬೇತಿ: ಮೂರು ತಿಂಗಳ ಕೋರ್ಸ್ ಹೇಗಿದೆ?

ಬಳ್ಳಾರಿ ಹೊರವಲಯದ ಒಂದು ಸವಾರಿ ಶಾಲೆ ಮೂರು ತಿಂಗಳ ಕೋಚ್ ತರಬೇತಿ ನಡೆಸುತ್ತಿದೆ. ವಾರಕ್ಕೆ ಆರು ದಿನ, ಮುಂಜಾನೆ ಐದೂಮುಕ್ಕಾಲರಿಂದ ಎಂಟೂವರೆವರೆಗೆ, ಸಂಜೆ ಎರಡು ತಾಸು. ಬ್ಯಾಚಿಗೆ ಆರೇ ಜನ, ಲಾಯದಲ್ಲಿ ಎಂಟು ಕುದುರೆ. ಕೊರತೆಗಳನ್ನೂ ಬಿಚ್ಚಿ ಹೇಳಬೇಕಿರುವುದರಿಂದ ಶಾಲೆಯ ಹೆಸರು ಹಾಕಿಲ್ಲ. ಕುದುರೆ ಪಾಲನೆ ಕಲಿಯಲು, ಸವಾರಿ ತಿದ್ದಿಕೊಳ್ಳಲು ಇದು ನಿಜಕ್ಕೂ ಒಳ್ಳೆಯ ಜಾಗ. ಆದರೆ ಇನ್ನೊಬ್ಬರಿಗೆ ಕಲಿಸುವುದು ಹೇಗೆ ಎಂಬುದಕ್ಕೆ ಇಲ್ಲಿ ಕೊಡುವ ಸಮಯ ಏನೇನೂ ಸಾಲದು.

ಮೊದಲ ಎರಡು ವಾರ ಯಾರನ್ನೂ ಕುದುರೆ ಹತ್ತಿಸುವುದಿಲ್ಲ. ದಿನಾ ಮುಂಜಾನೆ ಪ್ರತಿ ಕುದುರೆಯ ನಾಡಿ, ಉಸಿರು, ಮೈಬಿಸಿ ನೋಡಿ ಹಲಗೆಯ ಮೇಲೆ ಬರೆಯಬೇಕು. ಸುಮ್ಮನೆ ನಿಂತಿರುವ ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ನಾಡಿ ಸಿಗುವುದು ಕೆಳದವಡೆ ಎಲುಬಿನ ಒಳಅಂಚಿನಲ್ಲಿ. ಬೆರಳ ತುದಿಯಿಂದ ಹುಡುಕಬೇಕು. ಹೆಬ್ಬೆರಳಿಟ್ಟರೆ ತಮ್ಮದೇ ನಾಡಿ ಎಣಿಸಿಬಿಡುತ್ತಾರೆ. ಈ ರೂಢಿ ಕೈಗೆ ಹತ್ತಿದವರಿಗೆ ಕಾಲಿಕ್ ಹೊಟ್ಟೆನೋವು ಶುರುವಿನಲ್ಲೇ ಗೊತ್ತಾಗುತ್ತದೆ. ಕುದುರೆಗೆ ವಾಂತಿ ಮಾಡಲು ಬಾರದು, ಆದ್ದರಿಂದ ಅಲ್ಲಿ ತಡ ಮಾಡಿದಷ್ಟೂ ಅಪಾಯ.

ಮೇವಿನ ಪಾಠ ಈ ಕೋರ್ಸಿನ ಅತ್ಯುತ್ತಮ ಭಾಗ, ಏಕೆಂದರೆ ಅದು ನಮ್ಮ ಸೀಮೆಯ ಮೇವಿನ ಪಾಠ. 400 ಕೆ.ಜಿ. ಕುದುರೆಗೆ ದಿನಕ್ಕೆ ಮೈತೂಕದ ಶೇ 1.5ರಿಂದ 2ರಷ್ಟು, ಅಂದರೆ 6ರಿಂದ 8 ಕೆ.ಜಿ. ಒಣಮೇವು, ನಾಲ್ಕು ಹೊತ್ತಿಗೆ ಹಂಚಿ ಕೊಡಬೇಕು. ಜೊತೆಗೆ ಬಾಡಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), ಬೇಯಿಸಿದ ಹುರುಳಿ, ಉಪ್ಪು. ಚೆನ್ನಾಗಿ ಒಣಗಿದ ಜೋಳದ ಸೊಪ್ಪೆ ನಡೆಯುತ್ತದೆ. ಹಸಿ ಜೋಳ ಮಾತ್ರ ಬೇಡ. ಎಳೆ ಜೋಳದ ವಿಷ ಎತ್ತು ಎಮ್ಮೆ ಸಾಕಿದ ಎಲ್ಲರಿಗೂ ಗೊತ್ತು. ಕುದುರೆಗೆ ಇನ್ನೊಂದು ಕಾಟವೂ ಇದೆ. ವಾರಗಟ್ಟಲೆ ಹಸಿ ಜೋಳ ಮೇಯ್ದ ಕುದುರೆಯ ಹಿಂಗಾಲು ತೂರಾಡತೊಡಗುತ್ತವೆ, ಮೂತ್ರ ಹನಿಹನಿಯಾಗಿ ಸೋರುತ್ತದೆ, ಮತ್ತೆ ಪೂರ್ತಿ ಸುಧಾರಿಸುವುದು ಅಪರೂಪ. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಹುಲ್ಲು ಅಗ್ಗವೆಂದು ಅದನ್ನೇ ಹೊಟ್ಟೆ ತುಂಬಾ ಹಾಕಿದರೂ ತೊಂದರೆಯೇ: ಸತ್ವ ಕಡಿಮೆ, ನಾರು ಒರಟು, ನೀರು ಕಡಿಮೆಯಾದ ದಿನ ಕರುಳಿನಲ್ಲಿ ಗಟ್ಟಿಯಾಗಿ ಕೂರುತ್ತದೆ.

ಸವಾರಿ ಅಂಕಣ 20×40 ಮೀಟರ್, ಅಂಚಿನಲ್ಲಿ ಜಾಗ ಗುರುತಿಸುವ ಅಕ್ಷರದ ಫಲಕಗಳು ಸರಿಯಾದ ಜಾಗದಲ್ಲಿವೆ. ಕೆಳಗೆ ಗರಸು ಹಾಸಿ ಮೇಲೆ ಮರಳು ಹಾಕಿದ್ದಾರೆ. ಒಂದು ಮೂಲೆಯಲ್ಲಿ ಗರಸು ತೆಳುವಾಗಿ, ಮಳೆ ಬಿದ್ದ ಮರುದಿನ ಎರೆ ಮಣ್ಣು ಮೇಲೆದ್ದು ಗೊರಸಿಗೆ ಮೆತ್ತಿಕೊಳ್ಳುತ್ತದೆ. ಆ ಮೂಲೆಯಲ್ಲಿ ಕ್ಯಾಂಟರ್ (ನಿಧಾನದ ನಾಗಾಲೋಟ) ಮಾಡಿಸಿದರೆ ಕುದುರೆ ಜಾರುತ್ತದೆ. ಶಾಲೆಯವರು ಅಲ್ಲಿ ಕೋನ್ ಇಟ್ಟು ಬಿಡುತ್ತಾರೆ. ಮತ್ತೆ ಗರಸು ಹಾಕಿ ರೋಲರ್ ಹೊಡೆಸಿದರೆ ಮುಗಿಯುವ ಕೆಲಸ ಅದು.

ಜೀನುಗಳು ಕಾನ್ಪುರದವು, ಚರ್ಮ ಚೆನ್ನಾಗಿದೆ, ಎಣ್ಣೆ ಕಂಡಿವೆ. ಸವಾರ ಕೂತ ಮೇಲೂ ಜೀನಿನ ಮುಂಭಾಗಕ್ಕೂ ಕುದುರೆಯ ಹೆಗಲ ಉಬ್ಬಿಗೂ ನಡುವೆ ಎರಡು-ಮೂರು ಬೆರಳು ಹೋಗಬೇಕು ಎಂಬುದನ್ನು ಪ್ರತಿ ಕುದುರೆಯ ಮೇಲೂ ಕೈಯಿಟ್ಟು ತೋರಿಸುತ್ತಾರೆ. ಹೊಟ್ಟೆಪಟ್ಟಿಯನ್ನು ಮೂರು ಸಲ ನೋಡಿಸುತ್ತಾರೆ: ಕಟ್ಟುವಾಗ, ಹತ್ತುವ ಮುಂಚೆ, ಐದು ನಿಮಿಷ ನಡೆಸಿದ ಮೇಲೆ. ಕಟ್ಟುವಾಗ ಮೈ ಬಿಗಿಹಿಡಿಯುವ ಕುದುರೆಗಳಿರುತ್ತವೆ, ನಡೆದ ಮೇಲೆ ಪಟ್ಟಿ ಸಡಿಲಾಗುತ್ತದೆ. ಮೂರನೆಯ ಸಲ ನೋಡದೆ ಬಿಟ್ಟರೆ ಜೀನು ಪಕ್ಕಕ್ಕೆ ತಿರುಗಿ ಸವಾರ ನೆಲಕ್ಕೆ ಬೀಳುತ್ತಾನೆ.

ಇನ್ನು ಕಲಿಸುವ ವಿಷಯ. ಇಲ್ಲಿನ ಹಿರಿಯ ತರಬೇತುದಾರರಿಗೆ ಕಣ್ಣಿದೆ. ಒಂದು ಪಾಠದಲ್ಲಿ ತರಬೇತಿಯ ಹುಡುಗ ನಡುವೆ ನಿಂತು ಹತ್ತು ನಿಮಿಷ "ಹಿಮ್ಮಡಿ ಕೆಳಗೆ, ಹಿಮ್ಮಡಿ ಕೆಳಗೆ" ಎಂದು ಕೂಗುತ್ತಿದ್ದ. ಕುದುರೆಯ ಮೇಲಿದ್ದ ಹುಡುಗಿ ಒಮ್ಮೆ ಇಳಿಸುತ್ತಿದ್ದಳು, ನಾಲ್ಕು ಹೆಜ್ಜೆಗೆ ಮತ್ತೆ ಮೇಲೆ. ಹಿರಿಯರು ಕುದುರೆ ನಿಲ್ಲಿಸಿ ರಿಕಾಪಿನ (ಸವಾರ ಕಾಲಿಡುವ ಬಳೆಯ) ಪಟ್ಟಿಯನ್ನು ಎರಡು ತೂತು ಮೇಲೆ ಹಾಕಿಸಿದರು. ಪಟ್ಟಿ ಉದ್ದವಾಗಿದ್ದರಿಂದ ಹುಡುಗಿ ರಿಕಾಪನ್ನು ಕಾಲ್ಬೆರಳಿನಿಂದ ಹುಡುಕುತ್ತಿದ್ದಳು, ಹಿಮ್ಮಡಿ ತಾನಾಗಿ ಏಳುತ್ತಿತ್ತು. ಹತ್ತುವ ಮುಂಚೆ ಬೆರಳ ಗೆಣ್ಣನ್ನು ಪಟ್ಟಿ ಜೀನಿಗೆ ಸೇರುವ ಬುಡಕ್ಕೆ ಒತ್ತಿ, ರಿಕಾಪು ಕಂಕುಳಿಗೆ ಮುಟ್ಟುತ್ತದೆಯೇ ಎಂದು ಅಳೆದಿದ್ದರೆ ಈ ಕೂಗಾಟವೇ ಬೇಕಿರಲಿಲ್ಲ. ಪಟ್ಟಿ ಸರಿಯಿದ್ದೂ ಹಿಮ್ಮಡಿ ಎದ್ದರೆ ಮಂಡಿ ಬಿಗಿಹಿಡಿದಿದ್ದಾರೆ ಎಂದರ್ಥ. ಮಂಡಿ ಬಿಗಿದಿದ್ದರೆ ಬಹಳ ಸಲ ಒಳಗೆ ಭಯವಿರುತ್ತದೆ. ಆಗ ಹಿಮ್ಮಡಿಯ ಮಾತು ಬಿಟ್ಟು ಉಸಿರು ಬಿಡಿಸಬೇಕು, ಜೋರಾಗಿ ಎಣಿಸಲು ಹೇಳಬೇಕು, ಕುದುರೆಯನ್ನು ವಾಕ್‌ಗೆ ತರಬೇಕು. ತಪ್ಪು ಕಾಣುವ ಜಾಗ ಒಂದು, ಅದರ ಬೇರು ಇನ್ನೊಂದು ಕಡೆ. ಕೋಚ್ ಆಗುವವರು ದುಡ್ಡು ಕೊಟ್ಟು ಕಲಿಯಬೇಕಾದದ್ದು ಇದನ್ನೇ.

ಬೇಸರವೆಂದರೆ ಇಂಥ ತಿದ್ದುವಿಕೆಗೆ ಸಿಗುವ ಹೊತ್ತು ತೀರಾ ಕಡಿಮೆ. ಮೂರು ತಿಂಗಳಲ್ಲಿ ಒಬ್ಬೊಬ್ಬರಿಗೆ ನಡುವೆ ನಿಂತು ಕಲಿಸಲು ಸಿಗುವುದು ಹತ್ತು-ಹನ್ನೆರಡು ತಾಸು. ಅದರಲ್ಲೂ ಬಹುಪಾಲು ಬ್ಯಾಚಿನ ಗೆಳೆಯರಿಗೇ ಕಲಿಸುವುದು, ಅವರಿಗಾಗಲೇ ಸವಾರಿ ಬರುತ್ತದೆ. ಎಂಟು ವರ್ಷದ ಮಗು, ಐವತ್ತು ದಾಟಿದ ಹೊಸಬರು, ಕುದುರೆ ಕಂಡರೆ ಹಿಂದೆ ಸರಿಯುವವರು ಬರುವುದು ಕೊನೆಯ ಎರಡು ವಾರದಲ್ಲಿ. ಇದನ್ನು ಮೊದಲ ತಿಂಗಳಿನಿಂದಲೇ ಇಡಬೇಕು. ಸವಾರಿಗೆ ಕೊಡುವ ಹೊತ್ತಿನಲ್ಲಿ ಮೂರನೇ ಒಂದು ಪಾಲು ಕಡಿದು ಬೋಧನೆಗೆ ಹಾಕಿದರೂ ನಷ್ಟವಿಲ್ಲ.

ಲಂಜ್ ಪಾಠ, ಅಂದರೆ ಉದ್ದ ಹಗ್ಗದಲ್ಲಿ ಕುದುರೆಯನ್ನು ತಮ್ಮ ಸುತ್ತ ಓಡಿಸುವ ಪಾಠ, ಚೊಕ್ಕವಾಗಿದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಿಕೆ ಮಾಡಿ ಹಿಡಿಸುತ್ತಾರೆ. ಸುತ್ತಿಕೊಂಡಿದ್ದಾಗ ಕುದುರೆ ಕಿತ್ತರೆ ಬೆರಳು ಹೋಗುತ್ತದೆ. ವೃತ್ತ 15 ಮೀಟರಿಗಿಂತ ಚಿಕ್ಕದಾಗಲು ಬಿಡುವುದಿಲ್ಲ, ಇಪ್ಪತ್ತು ನಿಮಿಷಕ್ಕೆ ಮುಗಿಸುತ್ತಾರೆ, ನಡುನಡುವೆ ದಿಕ್ಕು ಬದಲಿಸುತ್ತಾರೆ. ಭಾರದ ಲೆಕ್ಕವೂ ಕಟ್ಟುನಿಟ್ಟು: ಸವಾರ, ಜೀನು ಸೇರಿ ಕುದುರೆಯ ತೂಕದ ಶೇ 20 ಮೀರಬಾರದು. 400 ಕೆ.ಜಿ. ಕುದುರೆಗೆ 80 ಕೆ.ಜಿ.ಯೇ ಕೊನೆ. ಭಾರ ಮೀರಿದವರಿಗೆ ನಯವಾಗಿ ಇಲ್ಲ ಎನ್ನುವುದನ್ನೂ ಅಭ್ಯಾಸ ಮಾಡಿಸುತ್ತಾರೆ, ಅದು ನನಗೆ ಮೆಚ್ಚುಗೆಯಾಯಿತು.

ಪ್ರಥಮ ಚಿಕಿತ್ಸೆಗೆ ಅಂಕ ಕೊಡಲಾಗದು. ಒಂದು ಸಂಜೆಯ ಉಪನ್ಯಾಸ, ಸಿಪಿಆರ್ ಅಭ್ಯಾಸಕ್ಕೆ ಬೊಂಬೆ ಇಲ್ಲ. ಬಿದ್ದವರನ್ನು ತಕ್ಷಣ ಎಬ್ಬಿಸಬಾರದು, ಹೆಲ್ಮೆಟ್ ಎಳೆದು ತೆಗೆಯಬಾರದು, ಮೊದಲು ಉಳಿದ ಕುದುರೆಗಳನ್ನು ನಿಲ್ಲಿಸಬೇಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿಸಬೇಕು. ಹೆಲ್ಮೆಟ್‌ಗಳಲ್ಲಿ ಎರಡು ಆಗಲೇ ಪೆಟ್ಟು ತಿಂದವು. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಫೋಮ್ ಕುಗ್ಗಿರುತ್ತದೆ, ಇನ್ನೊಮ್ಮೆ ಕಾಪಾಡದು. ಸೇರುವವರು ಸವಾರಿ ಹೆಲ್ಮೆಟ್‌ನ ಸುರಕ್ಷತಾ ಮಾನದಂಡಗಳಾದ ಎಎಸ್‌ಟಿಎಂ ಎಫ್1163 ಅಥವಾ ಪಿಎಎಸ್ 015 ಗುರುತಿರುವ ಸ್ವಂತ ಹೆಲ್ಮೆಟ್ ಕೊಳ್ಳಿ. ಬೈಕಿನ ಹೆಲ್ಮೆಟ್ ಇದಕ್ಕಲ್ಲ.

ಪ್ರಮಾಣಪತ್ರದ ಬಗ್ಗೆ ಸ್ಪಷ್ಟವಿರಲಿ: ಕೊನೆಗೆ ಸಿಗುವುದು ಶಾಲೆಯದೇ ಪತ್ರ. ದೇಶದಲ್ಲಿ ಈ ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಇಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾ. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐನ ಕೋಚ್ ಶಿಕ್ಷಣಕ್ಕೆ ಮೂರು ಹಂತಗಳಿವೆ, ಅಲ್ಲಿಗೆ ರಾಷ್ಟ್ರೀಯ ಫೆಡರೇಷನ್ ಮೂಲಕವೇ ಹೋಗಬೇಕು. ಬ್ರಿಟಿಷ್ ಹಾರ್ಸ್ ಸೊಸೈಟಿಯದು ಇನ್ನೊಂದು ದಾರಿ, ಅಲ್ಲಿ ಪಾಲನೆ, ಸವಾರಿ, ಬೋಧನೆ ಬೇರೆಬೇರೆಯಾಗಿ ಪರೀಕ್ಷೆಯಾಗುತ್ತವೆ. ಈ ಕೋರ್ಸ್ ಅವಕ್ಕೆ ತಯಾರಿಯಾಗಬಲ್ಲದು, ಬದಲಿಯಾಗದು. ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದದ್ದನ್ನು ತೋರಿಸುವ ಪೋಸ್ಟರ್ ಕಚೇರಿಯಲ್ಲಿದೆ. ಆ ಮಟ್ಟಕ್ಕೂ ಈ ಪತ್ರಕ್ಕೂ ನಡುವಿನ ದಾರಿ ಎಷ್ಟು ಉದ್ದ ಎಂಬುದನ್ನು ಸೇರುವ ದಿನವೇ ಹೇಳಿದರೆ ಒಳ್ಳೆಯದಿತ್ತು.

ಬೇಸಿಗೆಯ ಬ್ಯಾಚ್ ಬೇಡ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಎಂಟರ ಹೊತ್ತಿಗೇ ಕುದುರೆಗಳನ್ನು ನೆರಳಿಗೆ ಕಟ್ಟಬೇಕಾಗಿ ಪಾಠ ಮೊಟಕಾಗುತ್ತದೆ. ದಸರಾ ಮುಗಿದ ಮೇಲಿನ ಬ್ಯಾಚಿಗೆ ಹೆಸರು ಕೊಡಿ. ದುಡ್ಡು ಕಟ್ಟುವ ಮುಂಚೆ ಒಂದು ಮುಂಜಾನೆ ಹೋಗಿ, ಪಾಠ ಮುಗಿದು ಜೀನು ಇಳಿಸುವ ಹೊತ್ತಿಗೆ ಕುದುರೆಯ ಬೆನ್ನು ನೋಡಿ. ಬೆವರಿನ ಗುರುತು ಎರಡೂ ಕಡೆ ಒಂದೇ ಸಮ ಇದ್ದರೆ ಜೀನು ಸರಿಯಾಗಿ ಕೂತಿದೆ. ಒದ್ದೆಯ ನಡುವೆ ಅಂಗೈಯಗಲ ಒಣ ಜಾಗ ಕಂಡರೆ ಜೀನು ಅಲ್ಲಿ ಒತ್ತುತ್ತಿರಬಹುದು. ಅದು ಏಕೆ ಎಂದು ಅಲ್ಲಿರುವ ತರಬೇತಿಯವರನ್ನೇ ಕೇಳಿ, ಏನು ಉತ್ತರ ಕೊಡುತ್ತಾರೆಂದು ಗಮನಿಸಿ.