ಹತ್ತು ವರ್ಷದ ಅಂತರ ತುಂಬಿದ ಶಾಲಾ ವಹಿಗಳು: ಒಂದು ಚಂದಾ ಜಾಲತಾಣದ ವಿಮರ್ಶೆ

ಗೆಳೆಯರೊಬ್ಬರ ಮುತ್ತಜ್ಜ 1881ರ ಜನಗಣತಿಯಲ್ಲಿ ಲ್ಯಾಂಕಾಶೈರಿನಲ್ಲಿ ಒಂದು ವರ್ಷದ ಕೂಸು. 1891ರ ಗಣತಿಯ ಹೊತ್ತಿಗೆ ಕುಟುಂಬ ಯಾರ್ಕ್‌ಶೈರಿನಲ್ಲಿದೆ. ನಡುವೆ ಅವರು ಎಲ್ಲೆಲ್ಲಿ ಬಿಡಾರ ಹೂಡಿದ್ದರೆಂದು ತಿಳಿಯಲು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಹಳೆಯ ಶಾಲಾ ದಾಖಲೆಗಳ ಪುಟಗಳನ್ನು ತೋರಿಸುವ ಒಂದು ವಂಶಾವಳಿ ಜಾಲತಾಣಕ್ಕೆ ಮೂರು ತಿಂಗಳ ಚಂದಾ ಕಟ್ಟಿದೆ. ದಾಖಲೆಗಳು ಅಮೂಲ್ಯವಾಗಿವೆ, ಅವುಗಳನ್ನು ಹುಡುಕಿಕೊಡಬೇಕಾದ ಸೂಚಿಯೇ ಸೊರಗಿದೆ.

ಹೆಸರು ಕೊಟ್ಟು ಹುಡುಕಿದಾಗ ಮೊದಲ ವಾರ ಏನೂ ಸಿಗಲಿಲ್ಲ. ವಹಿ ಬರೆದವರು ಮುತ್ತಜ್ಜನ ವಿಲಿಯಂ ಎಂಬ ಹೆಸರನ್ನು ‘ಡಬ್ಲ್ಯೂಎಂ’ ಎಂದು ಮೊಟಕುಗೊಳಿಸಿದ್ದರು, ಸೂಚಿ ತಯಾರಿಸಿದವರು ಅದನ್ನು ಹಾಗೆಯೇ ಇಳಿಸಿಕೊಂಡಿದ್ದರು. ಪೋಷಕರ ಹೆಸರಿನ ಅಂಕಣವನ್ನಂತೂ ಸೂಚಿಗೆ ಸೇರಿಸಿಯೇ ಇಲ್ಲ. ಕೊನೆಗೆ ಶಾಲೆಯನ್ನು ಆರಿಸಿಕೊಂಡು ಒಂದೊಂದೇ ಪುಟ ಮಗುಚಿದಾಗ, 1887ರ ಪ್ರವೇಶ ವಹಿಯಲ್ಲಿ ಒಂದೇ ದಿನ ಸೇರಿದ ಮೂವರು ಒಡಹುಟ್ಟಿದವರು ಸಾಲಾಗಿ ಕಂಡರು. ತಂದೆಯ ಹೆಸರಿರಬೇಕಾದಲ್ಲಿ ತಾಯಿಯ ಹೆಸರಿತ್ತು. ಪಕ್ಕದಲ್ಲಿ ಬೀದಿಯ ಹೆಸರು, ಹಿಂದಿನ ಶಾಲೆ, ಬಿಟ್ಟ ದಿನಾಂಕ, ಬಿಟ್ಟ ಕಾರಣ. ತಂದೆಯ ಮರಣ ದಾಖಲೆಯನ್ನು ಯಾವ ವರ್ಷಗಳಲ್ಲಿ ಅರಸಬೇಕೆಂದು ಹೊಳೆದದ್ದು ಆ ಒಂದು ಅಂಕಣದಿಂದ.

ಹುಟ್ಟಿದ ದಿನಾಂಕವನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. ಎರಡನೆಯ ಶಾಲೆಯಲ್ಲಿ ಈ ಹುಡುಗನಿಗೆ ಒಂದು ವರ್ಷ ಹೆಚ್ಚಾಗಿದೆ. 1880ರ ಕಾಯಿದೆ ಐದರಿಂದ ಹತ್ತು ವರ್ಷದ ಮಕ್ಕಳಿಗೆ ಹಾಜರಾತಿಯನ್ನು ಕಡ್ಡಾಯಗೊಳಿಸಿದ ಮೇಲೆ, ಮಗುವನ್ನು ಬೇಗ ದುಡಿಮೆಗೆ ಹಚ್ಚಬೇಕಿದ್ದ ಮನೆಯವರಿಗೆ ವಯಸ್ಸು ಏರಿಸಿ ಹೇಳಲು ಕಾರಣವಿತ್ತು. 1837ರಿಂದ ನಾಗರಿಕ ನೋಂದಣಿ ಇರುವುದರಿಂದ ಜನನ ಪ್ರಮಾಣಪತ್ರದೊಂದಿಗೆ ತಾಳೆ ನೋಡುವುದು ಲೇಸು.

ಚಂದಾ ಹಣ ಸಾರ್ಥಕವಾದದ್ದು ಮುಖ್ಯೋಪಾಧ್ಯಾಯರು ಬರೆದಿಡುತ್ತಿದ್ದ ಶಾಲಾ ದಿನಚರಿಗಳಾದ ಲಾಗ್ ಬುಕ್‌ಗಳಲ್ಲಿ. 1862ರ ಪರಿಷ್ಕೃತ ನಿಯಮಾವಳಿಯಿಂದಾಗಿ ಸರ್ಕಾರಿ ಅನುದಾನ ಪಡೆಯುವ ಶಾಲೆಗಳು ಇವನ್ನು ಇಡಲೇಬೇಕಾಯಿತು. ಅನುದಾನವು ಹಾಜರಾತಿಗೂ ಪರೀಕ್ಷೆಯ ಫಲಿತಾಂಶಕ್ಕೂ ಅಂಟಿಕೊಂಡಿದ್ದರಿಂದ, ಬೆಂಚುಗಳು ಏಕೆ ಖಾಲಿಯಾದವೆಂಬುದಕ್ಕೆ ಮುಖ್ಯೋಪಾಧ್ಯಾಯರು ಸಮಜಾಯಿಷಿ ಬರೆಯುತ್ತಿದ್ದರು: ದಡಾರ, ಜಡಿಮಳೆ, ಆಲೂಗಡ್ಡೆ ಕೀಳುವ ಕೆಲಸ. ನಮ್ಮ ಹುಡುಗನ ಹೆಸರು ಅಲ್ಲಿ ಬಂದದ್ದು ಒಮ್ಮೆ ಮಾತ್ರ, ಬೂಟುಗಳಿಲ್ಲದೆ ಮನೆಯಲ್ಲೇ ಉಳಿದನೆಂದು. ಹೆಸರಿನ ಹುಡುಕಾಟಕ್ಕೆ ಈ ವಹಿಗಳು ಸಿಗುವುದೇ ಇಲ್ಲವೆಂಬುದನ್ನು ಜಾಲತಾಣ ಚಂದಾ ಕಟ್ಟಿಸಿಕೊಳ್ಳುವ ಮುನ್ನ ಹೇಳಬೇಕಿತ್ತು.

ಸ್ಕಾಟ್ಲೆಂಡಿನ ಶಾಲೆಗಳಿಗೆ 1872ರ ಬೇರೆಯೇ ಕಾಯಿದೆಯಿತ್ತು. ಆ ಕಡೆಯ ಮೂಲದವರಿಗೆ ಈ ಸಂಗ್ರಹದಿಂದ ಪ್ರಯೋಜನವಿಲ್ಲ. ಪುಟಚಿತ್ರಗಳು ಸ್ಪಷ್ಟವಾಗಿವೆ, ಇಳಿಸಿಕೊಳ್ಳಲು ತೊಡಕಿಲ್ಲ. ಆದರೂ ನಾನು ಚಂದಾ ನವೀಕರಿಸಲಿಲ್ಲ: ಆ ಶಾಲೆಯ ಮುಂದಿನ ಲಾಗ್ ಬುಕ್ ಇನ್ನೂ ಸ್ಕ್ಯಾನ್ ಆಗದೆ ಕೌಂಟಿ ಪತ್ರಾಗಾರದಲ್ಲಿದೆ, ಅದನ್ನು ನೋಡಲು ಗೆಳೆಯರು ಅಲ್ಲಿನ ವಾಚನಾಲಯದಲ್ಲಿ ಮೇಜು ಕಾದಿರಿಸಿದ್ದಾರೆ.