ರೂಲ್ಸ್ ಯಾರಿಗೆ ಎಷ್ಟು ಗೊತ್ತಿರಬೇಕು: ಮೂರು ಪದ್ಧತಿ ಆಡಿ ನೋಡಿದ ಹೋಲಿಕೆ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳದಿಂದ ಕಥೆ ಕಟ್ಟುವ ಆಟ. ಅದನ್ನು ಆಡಿಸುವ ಡಿಎಂಗೆ (ಡಂಜನ್ ಮಾಸ್ಟರ್, ಕಥೆ ನಡೆಸಿ ಶತ್ರುಗಳನ್ನೂ ಆಡಿಸುವವನು) ರೂಲ್ಸ್ ಪುಸ್ತಕವೆಲ್ಲ ಬಾಯಿಪಾಠ ಇರಬೇಕು, ಆಟಗಾರರು ಬಂದು ದಾಳ ಉರುಳಿಸಿದರೆ ಸಾಕು ಎಂದು ತುಂಬಾ ಜನ ನಂಬಿದ್ದಾರೆ. ಬಳ್ಳಾರಿಯಲ್ಲಿ ಒಬ್ಬ ಡಿಎಂ, ನಾಲ್ವರು ಆಟಗಾರರು ಕೂತು ಮೂರು ಪದ್ಧತಿ ಆಡಿ ನೋಡಿದ್ದೇವೆ. ಮೂರಕ್ಕೂ ಸನ್ನಿವೇಶ ಒಂದೇ: ಆನೆಗೊಂದಿ ಹತ್ತಿರ ಹರಿಗೋಲಿನಿಂದ ಇಳಿಯುತ್ತಿದ್ದಂತೆ ಬಂಡೆಗಳ ಮರೆಯಿಂದ ಆರು ಗಾಬ್ಲಿನ್ (ಕುಳ್ಳ ರಾಕ್ಷಸರು), ಒಂದು ಓಗರ್ (ದೈತ್ಯ). ಆಟಗಾರರ ಪಾತ್ರಗಳೆಲ್ಲ 5ನೇ ಲೆವೆಲ್.

ಮೊದಲನೆಯದು, ಎಲ್ಲವೂ ಡಿಎಂ ತಲೆಯಲ್ಲಿ. ಹೊಸಬರ ಮೊದಲ ದಿನಕ್ಕೆ ಇದಕ್ಕಿಂತ ಸಲೀಸಾದದ್ದಿಲ್ಲ. "ಬಂಡೆ ಹತ್ತಿ ಮ್ಯಾಲಿಂದ ಜಿಗೀತೀನಿ" ಅಂದರೆ "ಡಿ20 ಹಾಕು, ಅಥ್ಲೆಟಿಕ್ಸ್ ಕೂಡಿಸು" ಅಂದರೆ ಮುಗಿಯಿತು (ಡಿ20 ಇಪ್ಪತ್ತು ಮುಖದ ದಾಳ, ಅಥ್ಲೆಟಿಕ್ಸ್ ಹತ್ತಿ ಜಿಗಿಯುವ ಕೌಶಲದ ಅಂಕ). ಕೆಡುವುದು ಕಾಳಗದಲ್ಲಿ. ಏಳು ಶತ್ರುಗಳ ಹಿಟ್ ಪಾಯಿಂಟ್ (ಉಳಿದ ಜೀವ) ಲೆಕ್ಕ ಇಡುವವನೇ ನಾಲ್ವರ ಮಂತ್ರಗಳನ್ನು, ಅಂದರೆ ಸ್ಪೆಲ್‌ಗಳನ್ನೂ ನೆನಪಿಡಬೇಕು. ಮೊದಲು ಮರೆತುಹೋಗುವುದು ಕಾನ್ಸಂಟ್ರೇಶನ್, ಅಂದರೆ ಹಾಕಿದ ಸ್ಪೆಲ್ ಹಿಡಿದಿಡುವ ಏಕಾಗ್ರತೆ. ಬ್ಲೆಸ್ (ಜೊತೆಗಾರರ ದಾಳಕ್ಕೆ ಅಂಕ ಕೂಡಿಸುವ ಸ್ಪೆಲ್) ಹಾಕಿದ ಪೂಜಾರಿ, ಅಂದರೆ ಕ್ಲೆರಿಕ್‌ಗೆ ಪೆಟ್ಟು ಬಿದ್ದಾಗಲೆಲ್ಲ ಕಾನ್ಸ್ಟಿಟ್ಯೂಶನ್ ಸೇವ್ ಆಗಬೇಕು, ಅಂದರೆ ದೇಹದ ಗಟ್ಟಿತನದ ಮೇಲೆ ದಾಳ ಹಾಕಿ ತಡೆದುಕೊಳ್ಳಬೇಕು; ಸೋತರೆ ಬ್ಲೆಸ್ ಹೋಗುತ್ತದೆ. ಡಿಸಿ, ಅಂದರೆ ದಾಳದಲ್ಲಿ ಮುಟ್ಟಬೇಕಾದ ಅಂಕ, 10 ಅಥವಾ ಡ್ಯಾಮೇಜಿನ ಅರ್ಧ, ಯಾವುದು ಹೆಚ್ಚೋ ಅದು. 14 ಡ್ಯಾಮೇಜ್ ಬಿದ್ದರೆ ಅರ್ಧ 7, ಹಾಗಾಗಿ ಡಿಸಿ 10, ಓಗರ್‌ನ ಕ್ರಿಟಿಕಲ್‌ಗೆ (ಡಿ20ಯಲ್ಲಿ 20 ಬಿದ್ದಾಗಿನ ಭಾರಿ ಪೆಟ್ಟು) 24 ಬಿದ್ದರೆ 12. ಯಾರೂ ಕೇಳದಿದ್ದರೆ ಬ್ಲೆಸ್ ಕಾಳಗ ಮುಗಿಯುವವರೆಗೂ ಉಳಿದುಬಿಡುತ್ತದೆ, ಓಗರ್ ಸುಮ್ಮನೆ ಸಾಯುತ್ತದೆ.

ಎರಡನೆಯದು, ಎಲ್ಲರೂ ಪೂರ್ತಿ ಓದಿಕೊಂಡು ಬರುವುದು. ಆಟಗಾರರ ರೂಲ್ಸ್ ಪುಸ್ತಕವಾದ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ 320 ಪುಟ, 2024ರದ್ದು 384, ಅದೂ ಇಂಗ್ಲಿಷಿನಲ್ಲಿ. ಅಷ್ಟು ಓದಿದ ಮೇಲೂ ಜಗಳ ಆಗುವುದು ಯಾರು ಯಾವ ಪುಸ್ತಕ ಓದಿದ್ದಾರೆ ಎನ್ನುವುದರಿಂದ. ಗ್ರ್ಯಾಪಲ್‌ಗೆ (ಶತ್ರುವನ್ನು ಹಿಡಿದು ನಿಲ್ಲಿಸುವುದಕ್ಕೆ) 2014ರಲ್ಲಿ ಇಬ್ಬರೂ ದಾಳ ಹಾಕುತ್ತಾರೆ. 2024ರಲ್ಲಿ ಹಿಡಿಸಿಕೊಂಡವನು ಮಾತ್ರ ಸೇವ್ ಹಾಕುತ್ತಾನೆ. ಅದರ ಡಿಸಿಗೆ 8ರ ಜೊತೆ ಹಿಡಿದವನ ಸ್ಟ್ರೆಂತ್ (ಬಲ) 4, ಪ್ರೊಫಿಶಿಯೆನ್ಸಿ (ಪಳಗಿದ್ದಕ್ಕೆ ಸಿಗುವ ಅಂಕ) 3 ಕೂಡಿಸಿದರೆ 15. ಹೀಲಿಂಗ್ ಪೋಷನ್ ಕುಡಿಯಲು ಹಳೆಯದರಲ್ಲಿ ಆ್ಯಕ್ಷನ್ (ಸರದಿಯ ಮುಖ್ಯ ಕೆಲಸ) ಬೇಕು, ಹೊಸದರಲ್ಲಿ ಬೋನಸ್ ಆ್ಯಕ್ಷನ್ (ಜೊತೆಗಿನ ಚಿಕ್ಕ ಕೆಲಸ) ಸಾಕು. ಯಾವ ಪದ್ಧತಿಯಲ್ಲೇ ಆಡಿ, ಯಾವ ವರ್ಷದ ಪುಸ್ತಕ ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಮೂರನೆಯದು ಹಂಚಿಕೆ, ನಾವು ಹಿಡಿದುಕೊಂಡದ್ದು ಇದನ್ನೇ. ಡಿಎಂಗೆ ಬುಡದ ಲೆಕ್ಕ ನೀರು ಕುಡಿದಷ್ಟು ಸಲೀಸಾಗಿರಬೇಕು: ಡಿಸಿ ಸುಲಭಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20, ಅಡ್ವಾಂಟೇಜ್ (ಎರಡು ಡಿ20 ಹಾಕಿ ಹೆಚ್ಚಿನದನ್ನು ಹಿಡಿಯುವುದು) ಯಾವಾಗ, ಬಿದ್ದವನಿಗೆ, ಕಣ್ಣು ಕಾಣದವನಿಗೆ ಏನಾಗುತ್ತದೆ. ಆಟಗಾರ ಹೊರಬೇಕಾದ್ದು ತನ್ನ ಪಾತ್ರವನ್ನಷ್ಟೇ, ಆದರೆ ಪೂರ್ತಿಯಾಗಿ. ಎ4 ಹಾಳೆಯ ಒಂದು ಮಗ್ಗುಲಿಗೆ ಅಟ್ಯಾಕ್ ಬೋನಸ್, ಡ್ಯಾಮೇಜ್, ಪ್ರತಿ ಸ್ಪೆಲ್ಲಿನ ದೂರ, ಸೇವ್, ಆ್ಯಕ್ಷನ್ನೋ ಬೋನಸ್ಸೋ ಎಂಬುದನ್ನು ಕನ್ನಡದಲ್ಲೇ, ತನ್ನ ಕೈಯಲ್ಲೇ ಬರೆಯಬೇಕು. ಬರೆಯುವಾಗಲೇ ಅರ್ಧ ತಲೆಗೆ ಹೋಗುತ್ತದೆ. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ. ಇಲ್ಲದಿದ್ದರೆ ಒಗ್ಗರಣಿ ಮಿರ್ಚಿಯ ಎಣ್ಣೆಗೆ ಹಾಳೆ ಉಳಿಯುವುದಿಲ್ಲ. ಕಾನ್ಸಂಟ್ರೇಶನ್ ನಡೆಯುತ್ತಿದ್ದರೆ ಕವರಿನ ಮೇಲೆ ಕೇರಂನ ಕೆಂಪು ಕಾಯಿ. ಪೆಟ್ಟು ಬಿದ್ದಾಗ ಕಾಯಿ ಕಂಡ ಪಕ್ಕದವನೇ "ಸೇವ್ ಹಾಕಪಾ" ಅನ್ನುತ್ತಾನೆ. ತಕರಾರು ಬಂದರೆ ಒಂದು ನಿಮಿಷ ಪುಸ್ತಕ ನೋಡುವುದು. ಸಿಗದಿದ್ದರೆ ಡಿಎಂ ಹೇಳಿದ್ದೇ ಆ ದಿನಕ್ಕೆ ರೂಲು, ಹುಡುಕಾಟ ಆಟ ಮುಗಿದ ಮೇಲೆ.

ಇದೂ ಕೈಕೊಡುತ್ತದೆ, ಲೆವೆಲ್ ಏರಿದಾಗ. ರೋಗ್‌ನ ಸ್ನೀಕ್ ಅಟ್ಯಾಕ್ (ಕಳ್ಳ ಪಾತ್ರದ ಹೊಂಚು ಹೊಡೆತ) 3ನೇ ಲೆವೆಲ್ಲಿನಲ್ಲಿ 2ಡಿ6, ಅಂದರೆ ಆರು ಮುಖದ ಎರಡು ದಾಳ, 5ರಲ್ಲಿ 3ಡಿ6. ಹಾಳೆ ತಿದ್ದದಿದ್ದರೆ ವಾರಗಟ್ಟಲೆ ಒಂದು ದಾಳ ಕಡಿಮೆ ಬೀಳುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಡ್ರೂಯಿಡ್ (ಪ್ರಾಣಿಯಾಗಿ ಬದಲಾಗುವ ಪಾತ್ರ) ಆಡುವವರಿಗೆ ಒಂದು ಹಾಳೆ ಸಾಲದು, ರೂಪ ತಾಳುವ ಪ್ರತಿ ಪ್ರಾಣಿಗೂ ಬೇರೆ ಚೀಟಿ ಬೇಕು.