ಕಲ್ಲಡಿಯ ಹುಳವೋ, ಟೆಸ್ಟ್ ಕಿಟ್ಟೋ?

ಊರಿನ ಹಳ್ಳವೋ ಕೆರೆಯೋ ಆರೋಗ್ಯವಾಗಿದೆಯಾ ನೋಡಬೇಕು, ಕೈಯಲ್ಲಿ ಜಾಸ್ತಿ ದುಡ್ಡಿಲ್ಲ. ಕಲ್ಲಡಿಯ ಹುಳ ನೋಡೋದಾ, ನೀರಿನ ಆಮ್ಲಜನಕ ಅಳೆಯುವ ಟೆಸ್ಟ್ ಕಿಟ್ ತರೋದಾ, ಯಾವುದರಿಂದ ಶುರು ಮಾಡೋದು?

ಮಲೆನಾಡಿನ ಹರಿಯುವ ಹಳ್ಳವಾದರೆ ಹುಳಗಳನ್ನೇ ನೋಡಿ ಅನ್ನುತ್ತೇನೆ. ನೀರೊಳಗಿನ ಒಂದು ಕಲ್ಲನ್ನು ಮೆಲ್ಲಗೆ ಮಗುಚಿ. ಮೂರು ಬಾಲದ, ಹೊಟ್ಟೆಯ ಪಕ್ಕದಲ್ಲಿ ಕಿವಿರು ಅಲ್ಲಾಡಿಸುವ ಮರಿ ಸಾಮಾನ್ಯವಾಗಿ ಮೇಫ್ಲೈ ಅನ್ನುವ ಕೀಟದ್ದು. ಮರಳಿನ ಕಣ ಅಂಟಿಸಿ ಗೂಡು ಕಟ್ಟಿಕೊಂಡದ್ದು ಕ್ಯಾಡಿಸ್‌ಫ್ಲೈ ಅನ್ನುವ ಕೀಟದ ಮರಿ. ಇವುಗಳಲ್ಲಿ ಹೆಚ್ಚಿನವಕ್ಕೆ ಕೊಳಕು ನೀರು ಆಗಿಬರುವುದಿಲ್ಲ. ವಾರಗಟ್ಟಲೆ ಅಲ್ಲೇ ಬದುಕುವುದರಿಂದ, ಹಿಂದೆ ಹರಿದುಹೋದ ವಿಷದ ಸುಳಿವೂ ಸಿಗುತ್ತದೆ. ಬರೀ ಕೆಂಪು ಹುಳಗಳೇ ತುಂಬಿದ್ದರೆ ಆಮ್ಲಜನಕ ಕಡಿಮೆ ಇರಬಹುದು. ಅವುಗಳ ಮೈಯಲ್ಲಿ ಆಮ್ಲಜನಕ ಹಿಡಿದಿಡುವ ಹಿಮೋಗ್ಲೋಬಿನ್ ಇದೆ, ಹೇಗೋ ತಡೆದುಕೊಳ್ಳುತ್ತವೆ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಟ್ಟುಬಿಡಿ, ಅದು ಅವುಗಳ ಮನೆ.

ಕಿಟ್ ಆ ಗಳಿಗೆಯದನ್ನಷ್ಟೇ ಹೇಳುತ್ತದೆ. ಆದರೂ ಬೆಂಗಳೂರಿನ ಕೆರೆಗಳಂಥ ನಿಂತ ನೀರಿಗೆ ಅದೇ ವಾಸಿ. ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಅನ್ನುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮಧ್ಯಾಹ್ನ ಅಳೆದು ಮೋಸ ಹೋಗಬೇಡಿ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಅದನ್ನೇ ಹೀರಿಕೊಳ್ಳುತ್ತದೆ. ಬೆಳಕು ಹರಿಯುವ ಮುಂಚೆ ಅಳೆಯಿರಿ. ಮೀನುಗಳು ಮೇಲೆ ಬಂದು ಬಾಯಿ ಬಿಡುವುದೂ ಆ ಹೊತ್ತಿಗೇ ಅಲ್ವಾ?